ಒಲೆ ಹಚ್ಚದ ಅಡಿಗೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ದೂರವಾಣಿಯಲ್ಲಿ ಕೇಳಿದಾಗ, ‘ನಾನು ಈಚೆಗೆ ಕನ್ನಡದಲ್ಲಿ ಬರೆಯುತ್ತಿರುವುದು ಅಂಗಡಿ ಸಾಮಾನಿನ ಪಟ್ಟಿಯೊಂದನ್ನೇ’ ಎಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ. ‘ಹಾಗಾದರೆ ಆ ಜಾಡಿಗಳ ವಿಚಾರವನ್ನೇ ಬರೆಯಿರಿ’ ಎಂದರು. ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ನನಗಿರುವ ಅಲ್ಪಸ್ವಲ್ಪ ಕೀರ್ತಿ ಆ ಜಾಡಿಗಳದೇ ಹೊರತು ನನ್ನದಲ್ಲ. ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಯಾರದಾದರೂ ಮನೆಯ ಸತ್ಯನಾರಾಯಣ ಪೂಜೆಯಿರಲಿ, ‘ಜಾಡಿ ತರುತ್ತೀರಲ್ಲವೇ?’ ಎಂದು ಕೇಳುತ್ತಾರೆ, ‘ಬರುತ್ತೀರಲ್ಲವೇ?’ ಎಂದು ಕೇಳುವವರು ಕಡಮೆ.

ಜಾಡಿ ಎಂದೊಡನೆ ತಮ್ಮ ಕಣ್ಣ ಮುಂದೆ ಬರುವುದು ಅಟ್ಟದ ಮೇಲೆ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕುಳಿತ ಉಪ್ಪಿನಕಾಯಿಯ ಪಿಂಗಾಣಿ ಜಾಡಿಯಾಗಿದ್ದರೆ ಅದು ಸಹಜವೇ. ನನ್ನವು ಅವುಗಳ ಮೊಮ್ಮಕ್ಕಳಂತಿರುವ ಗಾಜಿನ ಪುಟ್ಟ ಜಾಡಿಗಳು. ಒಂದೊಂದು ಎಂಟು ಔನ್ಸು, ಎಂದರೆ ಕಾಲು ಲೀಟರಿಗೆ ತುಸು ಕಡಮೆ ಹಿಡಿಯುತ್ತದೆ. ತಿರುಚಿ ಮುಚ್ಚುವ ಈ ಜಾಡಿಗೆ ಜಾನ್ ಲ್ಯಾಂಡಿಸ್ ಮೇಸನ್ ಎಂಬಾತ 1858ರಲ್ಲಿ ಪೇಟೆಂಟ್ ಪಡೆದ. ಬೇಸಿಗೆಯ ಹಣ್ಣನ್ನು ಕುದಿಸಿ ಚಳಿಗಾಲಕ್ಕೆ ಕಾಪಿಡಲೆಂದು ಅಮೆರಿಕದ ರೈತ ಗೃಹಿಣಿಯರು ಬಳಸುತ್ತ ಬಂದ ಈ ಜಾಡಿಯಲ್ಲಿ ನಾನು ಏನನ್ನೂ ಕುದಿಸುವುದಿಲ್ಲ, ಕಾಪಿಡುವುದೂ ಇಲ್ಲ. ತಳದಲ್ಲಿ ಬೆಲ್ಲ, ಕೊಬ್ಬರಿ ಬೆರೆಸಿದ ರಾಗಿ ಹುರಿಹಿಟ್ಟು, ಅದರ ಮೇಲೆ, ರಾತ್ರಿಯೆಲ್ಲ ತೆಳು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿಗೆ ಸಕ್ಕರೆ, ಏಲಕ್ಕಿ ಕಲಸಿದ ಶ್ರೀಖಂಡ, ಆಮೇಲೆ ಮಾವಿನ ರಸ, ಮತ್ತೆ ಶ್ರೀಖಂಡ, ನೆತ್ತಿಯಲ್ಲಿ ಆಯಾ ತಿಂಗಳಿನ ಹಣ್ಣು. ಒಲೆ ಹಚ್ಚುವಂತಿಲ್ಲ, ಓವನ್ನಿನ ಗೊಡವೆಯಿಲ್ಲ. ಒಬ್ಬರಿಗೆ ಒಂದು ಜಾಡಿ, ಒಂದು ಚಮಚ.

ಇದನ್ನು ನಾನು ಕಂಡುಹಿಡಿದೆನೆಂದು ಹೇಳಿಕೊಂಡರೆ ನಮ್ಮ ಹಿರಿಯರು ನಕ್ಕಾರು. ಶ್ರೀರಾಮನವಮಿಯ ದಿನದ ನಮ್ಮ ಅಡಿಗೆಯನ್ನು ನೆನೆಸಿಕೊಳ್ಳಿ: ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ, ಕರಬೂಜದ ರಸಾಯನ. ಕೋಸಂಬರಿಯ ಒಗ್ಗರಣೆಯನ್ನು ಬಿಟ್ಟರೆ ಯಾವುದಕ್ಕೂ ಬೆಂಕಿಯ ಸೋಂಕಿಲ್ಲ. ಚೈತ್ರದ ಬಿಸಿಲಿನಲ್ಲಿ ಹೆಂಗಸರನ್ನು ಒಲೆಯ ಮುಂದೆ ಕೂರಿಸದ ಒಂದೇ ಹಬ್ಬ ಅದೆಂದು ನನ್ನ ಅಭಿಪ್ರಾಯ. ಪದರ ಪದರವಾಗಿ ಹಣ್ಣು ಜೋಡಿಸುವ ವಿದ್ಯೆಯೂ ನಮಗೆ ಹೊಸದಲ್ಲ. ಉಡುಪಿ, ಮಂಗಳೂರುಗಳಲ್ಲಿ ಎತ್ತರದ ಗಾಜಿನ ಲೋಟದಲ್ಲಿ ಜೆಲ್ಲಿ, ಹಣ್ಣು, ಐಸ್‌ಕ್ರೀಂ, ಗೋಡಂಬಿಗಳನ್ನು ಒಂದರ ಮೇಲೊಂದು ಪೇರಿಸಿ ಕೊಡುವ ಗಡ್‌ಬಡ್ ಅನ್ನು ನಾನು ಮದುವೆಯಾದ ಹೊಸತರಲ್ಲಿ ತಿಂದು ಬೆರಗಾಗಿದ್ದೆ. ಅದನ್ನು ಮೊದಲು ಮಾಡಿದವರು ಉಡುಪಿಯ ಡಯಾನಾದವರೋ, 1975ರಲ್ಲಿ ಮಂಗಳೂರಿನಲ್ಲಿ ಶುರುವಾದ ಐಡಿಯಲ್‌ನವರೋ ಎಂಬ ಬಗ್ಗೆ ಆ ಎರಡೂ ಊರಿನವರು ವಾದಿಸುತ್ತಾರೆ. ಹಾಸನ ಜಿಲ್ಲೆಯವಳಾದ ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ; ಸಮ್ಮೇಳನಕ್ಕೆ ಕರಾವಳಿಯವರು ಬಹಳ ಜನ ಬರುತ್ತಾರೆ.

ನಾವು ಇಲ್ಲಿಗೆ ಬಂದದ್ದು 1989ರ ಡಿಸೆಂಬರಿನಲ್ಲಿ. ನಮ್ಮ ಯಜಮಾನರಿಗೆ ಎವೆರೆಟ್ಟಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಮೊದಲ ಆರು ತಿಂಗಳು ಬಿಡದೆ ಸುರಿದ ಜಿಟಿಜಿಟಿ ಮಳೆಯನ್ನು ನೋಡಿ ನನಗೆ ಅಳು ಬರುತ್ತಿತ್ತು. ಆ ಮಳೆಯ ಲೆಕ್ಕಾಚಾರ ತಿಳಿದದ್ದು ಜೂನ್ ಬಂದಾಗ. ಮೊದಲು ಸ್ಟ್ರಾಬೆರಿ: ಇಲ್ಲಿನ ಮಣ್ಣಿನ ಹಣ್ಣು ಎಷ್ಟು ಮೆತ್ತಗೆಂದರೆ ಲಾರಿಯ ಪ್ರಯಾಣವನ್ನು ತಾಳಲಾರದು, ಹೊಲದ ಬದಿಯಲ್ಲೇ ತಿನ್ನಬೇಕು, ಮೂರು ವಾರದಲ್ಲಿ ಮುಗಿದೂ ಹೋಗುತ್ತದೆ. ಆಮೇಲೆ ಕೆನ್ನೆ ಕೆಂಪಾದ ಹಳದಿ ಚೆರಿ. ರೇನಿಯರ್ ಎಂಬ ಈ ತಳಿಯನ್ನು 1952ರಲ್ಲಿ ಇದೇ ರಾಜ್ಯದ ಪ್ರಾಸರ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ಬಿಂಗ್ ಮತ್ತು ವ್ಯಾನ್ ಎಂಬ ಎರಡು ಕಡುಗೆಂಪು ಚೆರಿಗಳನ್ನು ಕೂಡಿಸಿ ಪಡೆದರು. ಕಪ್ಪು ತಂದೆತಾಯಿಗೆ ಬೆಳ್ಳಗಿನ ಮಗು ಹುಟ್ಟಿದಂತೆ. ಜುಲೈಯಲ್ಲಿ ಕೆನಡಾ ಗಡಿಯ ಕಡೆಯಿಂದ ರಾಸ್ಪ್‌ಬೆರಿ, ನಮ್ಮ ಬೆಲ್‌ವ್ಯೂ ಊರಿನೊಳಗೇ ಇರುವ ಲಾರ್ಸೆನ್ ಕೆರೆಯ ತೋಟದಲ್ಲಿ ಬ್ಲೂಬೆರಿ. ಆಗಸ್ಟಿನಲ್ಲಿ ರಸ್ತೆ ಬದಿಯ ಪೊದೆಗಳಲ್ಲೆಲ್ಲ ಮುಳ್ಳಿನ ನಡುವೆ ಬ್ಲ್ಯಾಕ್‌ಬೆರಿ. ಇದಕ್ಕೆ ‘ಹಿಮಾಲಯನ್’ ಎಂಬ ವಿಶೇಷಣವನ್ನು ಕೇಳಿ ನಾನು ತವರಿನವರನ್ನು ಕಂಡಂತೆ ಹಿಗ್ಗಿದ್ದೆ. ಲೂಥರ್ ಬರ್‌ಬ್ಯಾಂಕ್ ಎಂಬ ಪ್ರಸಿದ್ಧ ತಳಿತಜ್ಞ 1885ರಲ್ಲಿ ಅದನ್ನು ಈ ದೇಶಕ್ಕೆ ಪರಿಚಯಿಸಿದಾಗ ಬೀಜ ಭಾರತದಿಂದ ಬಂದದ್ದೆಂದು ನಂಬಿ ಆ ಹೆಸರಿಟ್ಟನಂತೆ. ಸಸ್ಯಶಾಸ್ತ್ರಜ್ಞರು ಈಗ ಅದರ ಮೂಲ ಅರ್ಮೇನಿಯಾದ ಕಡೆಯದೆನ್ನುತ್ತಾರೆ. ನಮ್ಮ ಹೆಸರಿನಲ್ಲಿ ಬಂದು, ಹಿತ್ತಿಲನ್ನೆಲ್ಲ ಆಕ್ರಮಿಸಿ, ಕಳೆಯೆಂದು ಬೈಸಿಕೊಳ್ಳುತ್ತಿರುವ ಆ ಗಿಡದ ಮೇಲೆ ನನಗೆ ಇಂದಿಗೂ ಒಂದು ಬಗೆಯ ಮರುಕವಿದೆ.

ಇಷ್ಟು ಹಣ್ಣಿರುವಾಗ ಕನ್ನಡ ಕೂಟದ ಊಟಕ್ಕೆ ನಾನು ಹಣ್ಣಿನದೇ ಏನನ್ನಾದರೂ ಒಯ್ಯುವುದು ಸಹಜವಾಗಿತ್ತು. ಮೊದಮೊದಲು ದೊಡ್ಡ ಅಲ್ಯೂಮಿನಿಯಂ ತಟ್ಟೆಯೊಂದರಲ್ಲಿ ಎಲ್ಲರಿಗೂ ಸೇರಿಸಿ ಮಾಡುತ್ತಿದ್ದೆ. ನನ್ನ ಮೊದಲ ಅನಾಹುತವಾದದ್ದು ಒಂದು ಯುಗಾದಿಯಲ್ಲಿ. ಕೆಂಪು ಜೆಲ್ಲಿಯ ಪದರವನ್ನು ಮೆಚ್ಚಿ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು, ‘ಇದು ಯಾವುದರಿಂದ ಗಟ್ಟಿಯಾಗುತ್ತಮ್ಮ?’ ಎಂದು ವಿಶ್ವಾಸದಿಂದಲೇ ಕೇಳಿದರು. ಜೆಲಟಿನ್ ಎಂಬುದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ವಸ್ತುವೆಂದು ನನಗೆ ತಿಳಿದಿತ್ತು. ಆದರೆ ಒಕ್ಕಲು ಮನೆಯಲ್ಲಿ ಬೆಳೆದ ನನಗೆ ಅದು ತಲೆಗೇ ಹೊಳೆದಿರಲಿಲ್ಲ. ಸುಳ್ಳು ಹೇಳಲಾರದೆ ನಿಜ ಹೇಳಿದೆ. ಅವರು ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಗೆ ಹೋದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಕಡಲ ಪಾಚಿಯಿಂದ ಮಾಡುವ ಅಗರ್, ಅಂದರೆ ನಮ್ಮೂರಿನ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಬಿಳಿಯ ಎಳೆಗಳನ್ನು ಹಿಡಿದೆ. ಅದನ್ನಾದರೋ ನೀರಿನಲ್ಲಿ ಕುದಿಸಲೇಬೇಕು. ಒಲೆ ಹಚ್ಚದ ವ್ರತ ಅಲ್ಲಿಗೆ ಭಂಗ. ಕೊನೆಗೆ ಜೆಲ್ಲಿಯ ಸಹವಾಸವನ್ನೇ ಬಿಟ್ಟು ಮೊಸರಿಗೆ ಶರಣಾದೆ. ಮೊಸರಿಗೂ ಅದರದೇ ಹಟಗಳಿವೆ. ಹಸಿ ಅನಾನಸು, ಕಿವಿ ಹಣ್ಣು, ಪರಂಗಿಗಳಲ್ಲಿ ಸಸಾರಜನಕವನ್ನು ಕತ್ತರಿಸುವ ಕಿಣ್ವಗಳಿವೆ. ಅವು ಜೆಲಟಿನ್ನನ್ನು ಗಟ್ಟಿಯಾಗಲು ಬಿಡುವುದಿಲ್ಲ. ಮೊಸರಿನೊಡನೆ ರಾತ್ರಿ ಕಳೆದರೆ ಬೆಳಿಗ್ಗೆಗೆ ಬೇವಿನಂತೆ ಕಹಿ ಮಾಡುತ್ತವೆ. ಡಬ್ಬಿಯ ಅನಾನಸಾದರೆ ಕಾಸಿದ್ದರಿಂದ ಕಿಣ್ವ ಸತ್ತಿರುತ್ತದೆ, ಭಯವಿಲ್ಲ. ಸ್ಟ್ರಾಬೆರಿಗೆ ಮೊದಲೇ ಸಕ್ಕರೆ ಉದುರಿಸಿದರೆ ರಸ ಬಿಟ್ಟು ಹುರಿಹಿಟ್ಟಿನವರೆಗೂ ಇಳಿದು ಎಲ್ಲವನ್ನೂ ಅಂಬಲಿ ಮಾಡುತ್ತದೆ. ಬಾಳೆಹಣ್ಣಿಗೆ ನಿಂಬೆರಸ ಸವರದಿದ್ದರೆ ಕಪ್ಪಾಗುತ್ತದೆ. ಇಲ್ಲಿನ ಕ್ಯಾವೆಂಡಿಶ್ ಬಾಳೆಗೆ ನಂಜನಗೂಡು ರಸಬಾಳೆಯ ಘಮ ಎಲ್ಲಿಂದ ಬರಬೇಕು? ಆ ಮಾತು ಬಿಡಿ.

ಜಾಡಿಗಳು ಬಂದದ್ದು ಎಂಜಲಿನ ದೆಸೆಯಿಂದ. ಪಂಕ್ತಿಯಲ್ಲಿ ನಿಂತ ಪುಟ್ಟ ಹುಡುಗನೊಬ್ಬ ತಾನು ನೆಕ್ಕಿದ ಚಮಚವನ್ನೇ ನನ್ನ ದೊಡ್ಡ ತಟ್ಟೆಯೊಳಗೆ ಅದ್ದಿದ; ಹಿಂದಿದ್ದ ಐವತ್ತು ಜನರಲ್ಲಿ ಮೂವತ್ತು ಜನ ಮುಂದೆ ಸರಿದರು. ಮರುವರ್ಷ ಹನ್ನೆರಡರ ನಾಲ್ಕು ಪೆಟ್ಟಿಗೆ ಜಾಡಿ ಕೊಂಡೆ. ಎಲ್ಲರಿಗೂ ಹಿತವಾಯಿತು. ವರ್ಷಗಳು ಕಳೆದಂತೆ ಮುಚ್ಚಳದ ಮೇಲೆ ಚೀಟಿಗಳೂ ಸೇರಿಕೊಂಡವು: ಗೋಡಂಬಿ ಇಲ್ಲದ್ದು, ಸಕ್ಕರೆ ಇಲ್ಲದ್ದು, ಹಾಲುಮೊಸರು ಒಲ್ಲದ ಹುಡುಗರಿಗೆಂದು ತೆಂಗಿನಹಾಲಿನದು. ಮೇಜಿನ ಮೇಲೆ ಸಾಲಾಗಿ ನಿಂತ ಆ ಬಣ್ಣದ ಜಾಡಿಗಳ ಚಿತ್ರ ತೆಗೆದುಕೊಳ್ಳದವರಿಲ್ಲ. ನನಗೆ ಮಾತ್ರ ಅವನ್ನು ನೋಡಿದಾಗಲೆಲ್ಲ ಒಳಗೊಳಗೇ ಇರುಸುಮುರುಸು. ಅದೇಕೆಂದು ಹೇಳಬೇಕಾದರೆ ತಮ್ಮನ್ನು ಅರಕಲಗೂಡಿಗೆ ಕರೆದುಕೊಂಡು ಹೋಗಬೇಕು.

ಅಪ್ಪ ಮಿಡ್ಲ್ ಸ್ಕೂಲಿನ ಮೇಷ್ಟ್ರು. 1967ರಿಂದ ಐದು ವರ್ಷ ಅಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಎದುರು ಮನೆಯಲ್ಲಿ ಒಬ್ಬ ಅಜ್ಜಿ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿ ಕೆಂಪು ಸೀರೆಯುಟ್ಟು, ಮಡಿಯಲ್ಲೇ ಆಯುಸ್ಸು ಸವೆಸಿದವರು. ಅಷ್ಟು ಅಂತಃಕರಣದ ಹೆಂಗಸನ್ನು ನಾನು ಕಂಡಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಇಪ್ಪತ್ತರ ಮಗ್ಗಿಯವರೆಗೆ ಬಾಯಿಪಾಠ ಮಾಡಿಸಿದವರು ಅವರು. ತಮ್ಮನಿಗೆ ಜ್ವರ ಬಂದಾಗ ಅಮೃತಬಳ್ಳಿಯ ಕಷಾಯ ಮಾಡಿಕೊಂಡು ಬಂದು ರಾತ್ರಿಯೆಲ್ಲ ನಮ್ಮ ಜಗಲಿಯ ಮೇಲೆ ಕುಳಿತಿದ್ದರು. ಆದರೆ ನಮ್ಮ ಮನೆಯ ಒಂದು ತೊಟ್ಟು ನೀರನ್ನು ಅವರು ಮುಟ್ಟುವಂತಿರಲಿಲ್ಲ. ಬೇಯಿಸಿದ್ದು ಮುಸುರೆ, ಬೇರೆ ಜಾತಿಯವರು ಬೇಯಿಸಿದ್ದಂತೂ ಮಾತಾಡುವಂತೆಯೇ ಇಲ್ಲ. ಹಣ್ಣಿಗೆ, ಹಸಿ ಹಾಲಿಗೆ ಮಾತ್ರ ಆ ದೋಷವಿಲ್ಲವೆಂದು ಅವರೇ ಒಮ್ಮೆ ಮಾತಿನ ನಡುವೆ ಹೇಳಿದ್ದರು.

ಅಮ್ಮ ಆ ಮಾತನ್ನು ಹಿಡಿದುಕೊಂಡಳು. ಆ ವರ್ಷದ ರಾಮನವಮಿಯಂದು ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಈಳಿಗೆ ಮಣೆಯ ಮೇಲೆ ಕುಳಿತು ಬಾಳೆಹಣ್ಣು ಹೆಚ್ಚಿದಳು. ಬಾವಿಯ ನೀರು ಸೋಕಬಾರದೆಂದು ಕಾಯಿಯೊಳಗಿನ ನೀರನ್ನೇ ಹಾಕಿ ಅರೆದು ತೆಂಗಿನ ಹಾಲು ಹಿಂಡಿದಳು. ಬೆಲ್ಲ, ಏಲಕ್ಕಿ. ಒಲೆಯ ಕಡೆ ಸುಳಿಯಲೂ ಇಲ್ಲ. ‘ಅಜ್ಜಿ, ಹಣ್ಣಿನ ರಸಾಯನ, ಬೆಂಕಿ ತಾಕಿಲ್ಲ, ನೀರು ಹಾಕಿಲ್ಲ’ ಎಂದು ಹೇಳಿದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಒಳಗಿನಿಂದ ತಮ್ಮ ಹಿತ್ತಾಳೆಯ ಚೊಂಬನ್ನು ತಂದು ಜಗಲಿಯ ಮೇಲಿಟ್ಟು ದೂರ ಸರಿದು ನಿಂತರು. ಅಮ್ಮ ಚೊಂಬಿಗೆ ತಾಕದಂತೆ ಮೇಲಿನಿಂದ ಸುರಿದಳು. ಅಜ್ಜಿ ಎತ್ತಿಕೊಂಡು ಒಳಗೆ ಹೋದರು. ಅಂದು ಅಮ್ಮನ ಮುಖದಲ್ಲಿದ್ದ ಸಂತೋಷವನ್ನು ನಾನು ಆಮೇಲೆ ಅವಳ ಮಕ್ಕಳ ಮದುವೆಗಳಲ್ಲಿಯೂ ಕಾಣಲಿಲ್ಲ.

ಸಾಯಂಕಾಲ ಕನಕಾಂಬರ ಕೀಳಲೆಂದು ನಾನು ಅಜ್ಜಿಯ ಹಿತ್ತಿಲಿಗೆ ಹೋದೆ. ಕೊಟ್ಟಿಗೆಯ ಮುಂದಿನ ಕಲಗಚ್ಚಿನ ಬಾನಿಯಲ್ಲಿ ಕರು ಮೂತಿಯಿಟ್ಟು ನೆಕ್ಕುತ್ತಿತ್ತು. ಏಲಕ್ಕಿಯ ವಾಸನೆ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಬಾಳೆಹಣ್ಣು.

ನಾನು ಅಮ್ಮನಿಗೆ ಹೇಳಲಿಲ್ಲ. ಮರುವರ್ಷವೂ ಅವಳು ಹಾಗೆಯೇ ಮಿಂದು, ಹಾಗೆಯೇ ಮಾಡಿದಳು, ಅದರ ಮರುವರ್ಷವೂ. ಅಪ್ಪನಿಗೆ ವರ್ಗವಾಗುವವರೆಗೂ ಇದು ನಡೆಯಿತು. ಪ್ರತಿ ರಾಮನವಮಿಯಂದು ನಾನು ಆ ಹಿತ್ತಿಲಿನ ಕಡೆ ಹೋಗದಂತೆ ಎಚ್ಚರ ವಹಿಸುತ್ತಿದ್ದೆ.

ಈಗ ಸಿಯಾಟಲ್ಲಿಗೆ ಹಿಂದಿರುಗೋಣ. ಅಪ್ಪ ತೀರಿಕೊಂಡ ಮೇಲೆ, 2019ರ ನವೆಂಬರಿನಲ್ಲಿ ಅಮ್ಮ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಳು. 2020ರ ಜನವರಿಯಲ್ಲಿ ಕೋವಿಡ್‌ನ ಮೊದಲ ರೋಗಿ ಈ ದೇಶದಲ್ಲಿ ಪತ್ತೆಯಾದದ್ದು ನಮ್ಮ ಪಕ್ಕದ ಸ್ನೊಹೊಮಿಶ್ ಕೌಂಟಿಯಲ್ಲಿ. ಮಾರ್ಚಿನಲ್ಲಿ ಭಾರತಕ್ಕೆ ವಿಮಾನಗಳು ನಿಂತವು. ಆಮೇಲೆ ವಿಶೇಷ ವಿಮಾನಗಳು ಹೊರಟರೂ ಎಂಬತ್ತು ದಾಟುತ್ತಿದ್ದವಳನ್ನು ಅವುಗಳಲ್ಲಿ ಕೂರಿಸುವ ಧೈರ್ಯ ನಮಗಿರಲಿಲ್ಲ. ವೀಸಾ ವಿಸ್ತರಣೆಯ ಅರ್ಜಿಗಳನ್ನು ತುಂಬಿದ ಕಥೆ ತಮ್ಮಲ್ಲಿ ಅನೇಕರಿಗೆ ಗೊತ್ತಿದ್ದದ್ದೇ.

ಆ ದಿನಗಳಲ್ಲಿ ನನ್ನ ಜಾಡಿಗಳಿಗೆ ಹಿಂದೆಂದೂ ಇಲ್ಲದ ಬೇಡಿಕೆ ಬಂತು. ಹಬ್ಬ ಬಂದರೆ ಹತ್ತು ಮನೆಯ ಬಾಗಿಲಿಗೆ ಹೋಗಿ, ಹೊಸ್ತಿಲ ಮುಂದೆ ಜಾಡಿಯಿಟ್ಟು, ಗಂಟೆ ಒತ್ತಿ, ಕಾರಿನ ಹತ್ತಿರ ಓಡಿಬರುವುದು. ಒಳಗಿನವರು ಬಾಗಿಲು ತೆರೆದು ದೂರದಿಂದಲೇ ಕೈ ಬೀಸುವುದು. ಕಾರಿನಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ ಅಮ್ಮ ಒಂದು ದಿನ ನಕ್ಕಳು. ‘ಒಬ್ಬೊಬ್ಬರಿಗೆ ಬೇರೆ ಬೇರೆ. ಯಾರ ಕೈಯೂ ಯಾರಿಗೂ ತಾಕೋ ಹಾಗಿಲ್ಲ. ಇಟ್ಟು ದೂರ ನಿಲ್ಲೋದು. ಎದುರು ಮನೆ ಅಜ್ಜಿ ಇದ್ದಿದ್ರೆ ಎಷ್ಟು ಸಂತೋಷಪಡೋರು!’ ಸ್ಟಿಯರಿಂಗ್ ಹಿಡಿದಿದ್ದ ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ನನ್ನ ಇರುಸುಮುರುಸಿಗೆ ಅವಳು ಅಷ್ಟು ಸಲೀಸಾಗಿ ಹೆಸರಿಟ್ಟಿದ್ದಳು.

ಬೆಲ್‌ವ್ಯೂದಲ್ಲಿಯೂ ನಮಗೊಂದು ಎದುರು ಮನೆಯಿದೆ. ಅಲ್ಲಿದ್ದವರು ಅಮ್ಮನಿಗಿಂತ ಎರಡು ಮೂರು ವರ್ಷ ಹಿರಿಯರಾದ ಜಪಾನೀ ಮೂಲದ ಮಹಿಳೆ. ಒಂಟಿ ಜೀವ, ಮಿತ ಮಾತು. ಮೂವತ್ತು ವರ್ಷದ ನೆರೆಯಲ್ಲಿ ಅವರು ನನಗೆ ಹೇಳಿದ್ದು ಬಹಳವಿಲ್ಲ. ಅದರಲ್ಲೊಂದು, ತಮ್ಮ ತಂದೆ ಈ ಊರಿನಲ್ಲಿಯೇ ಸ್ಟ್ರಾಬೆರಿ ಬೆಳೆಯುತ್ತಿದ್ದರೆಂಬುದು. ಮಿಕ್ಕದ್ದನ್ನು ನಾನು ಓದಿ ತಿಳಿದೆ. ಇಂದು ಗಾಜಿನ ಗೋಪುರಗಳೂ ನಮ್ಮ ಕನ್ನಡದ ಹುಡುಗರ ಕಛೇರಿಗಳೂ ತುಂಬಿರುವ ಬೆಲ್‌ವ್ಯೂ ಆಗ ಹಳ್ಳಿ. ಕಡಿದ ಕಾಡಿನ ದೈತ್ಯ ಬೊಡ್ಡೆಗಳನ್ನು ಕಿತ್ತು ನೆಲವನ್ನು ಹೊಲ ಮಾಡಿದವರಲ್ಲಿ ಜಪಾನಿನಿಂದ ಬಂದ ಕುಟುಂಬಗಳು ಮುಖ್ಯವಾದವು. ಅಂಥವರು ಭೂಮಿಯ ಒಡೆಯರಾಗದಂತೆ ಈ ರಾಜ್ಯ 1921ರಲ್ಲಿ ಕಾನೂನು ಮಾಡಿತ್ತು. ಆದರೂ ಅವರ ಬೆಳೆಯಿಂದಲೇ 1925ರಲ್ಲಿ ಇಲ್ಲಿ ಸ್ಟ್ರಾಬೆರಿ ಜಾತ್ರೆ ಶುರುವಾಯಿತು. ಸರೋವರದ ಆಚೆಯ ಸಿಯಾಟಲ್ಲಿನಿಂದ ಜನ ಹಡಗು ಹತ್ತಿ ಬರುತ್ತಿದ್ದರು. 1942ರ ಮೇ ತಿಂಗಳಲ್ಲಿ, ಹಣ್ಣು ಕೆಂಪಾಗುವ ಹೊತ್ತಿಗೆ ಸರಿಯಾಗಿ, ಯುದ್ಧದ ಹೆಸರಿನಲ್ಲಿ ಆ ಸುಮಾರು 60 ಕುಟುಂಬಗಳನ್ನೂ ರೈಲಿಗೆ ಹತ್ತಿಸಿ ಶಿಬಿರಗಳಿಗೆ ಸಾಗಿಸಿದರು. ಆ ವರ್ಷ ಜಾತ್ರೆ ನಡೆಯಲಿಲ್ಲ. ಯುದ್ಧ ಮುಗಿದ ಮೇಲೆ ಹಿಂದಿರುಗಿದವರು ಕೆಲವರೇ. ನಮ್ಮ ಎದುರು ಮನೆಯವರು ರೈಲು ಹತ್ತಿದಾಗ ಅವರಿಗೆ ಐದು ವರ್ಷ.

2021ರ ಜೂನ್ ಕೊನೆಯ ವಾರದ ಧಗೆಯನ್ನು ವಾಷಿಂಗ್ಟನ್ ರಾಜ್ಯದವರು ಮರೆಯುವಂತಿಲ್ಲ. ಶನಿವಾರ 102, ಭಾನುವಾರ 104, ಸೋಮವಾರ 28ರಂದು ವಿಮಾನ ನಿಲ್ದಾಣದ ಮಾಪಕದಲ್ಲಿ 108 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್‌ನಲ್ಲಿ 42 ಮೀರಿ. ಅದುವರೆಗಿನ ದಾಖಲೆ 2009ರ 103. ಮಳೆಯ ಊರೆಂಬ ನಂಬಿಕೆಯಲ್ಲಿ ನಮ್ಮ ಮನೆಗೂ, ಸುತ್ತಲಿನ ಅನೇಕ ಮನೆಗಳಿಗೂ ಎ.ಸಿ. ಇರಲಿಲ್ಲ. ಸೋಮವಾರ ಬೆಳಗಿನ ಐದಕ್ಕೇ ಎದ್ದು ಅಮ್ಮ ಅಡಿಗೆಮನೆಯಲ್ಲಿ ಕುಳಿತಿದ್ದಳು. ‘ಇವತ್ತು ಒಲೆ ಹಚ್ಚಬೇಡ. ರಾಮನವಮಿ ಅಡಿಗೆ ಮಾಡೋಣ’ ಎಂದಳು. ನಾನು ಹಿಂದಿನ ರಾತ್ರಿ ಕಟ್ಟಿಟ್ಟ ಮೊಸರನ್ನು ಫ್ರಿಜ್ಜಿನಿಂದ ಇಳಿಸಿದೆ. ಹಾಲುಮೊಸರಿಗೆ ಹುಳಿ ಹಣ್ಣು ಸೇರಿಸುವುದು ವಿರುದ್ಧಾಹಾರವೆಂದು ಅವಳು ಎಂದಿನಂತೆ ಆಕ್ಷೇಪಿಸಿದಳು. ಎಂದಿನಂತೆ ತಾನೇ ಚಾಕು ಹಿಡಿದು ಸ್ಟ್ರಾಬೆರಿಯ ತೊಟ್ಟು ತೆಗೆಯತೊಡಗಿದಳು.

ಜಾಡಿ ತುಂಬುವುದು ಅವಸರದ ಕೆಲಸವಲ್ಲ. ಹುರಿಹಿಟ್ಟನ್ನು ಚಮಚದ ಬೆನ್ನಿನಿಂದ ಒತ್ತಿ ಸಮ ಮಾಡಬೇಕು. ಶ್ರೀಖಂಡವನ್ನು ಅಂಚಿನಿಂದ ನಡುವಿಗೆ ಇಳಿಸಬೇಕು. ಗಾಜಿಗೆ ಮೆತ್ತಿದ್ದನ್ನು ಪ್ರತಿ ಪದರಕ್ಕೂ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಇಲ್ಲದಿದ್ದರೆ ಹೊರಗಿನಿಂದ ಚೆಲುವಿರುವುದಿಲ್ಲ. ಇಬ್ಬರೂ ಮಾತಿಲ್ಲದೆ ಕೆಲಸ ಮಾಡುತ್ತಿದ್ದೆವು. ಏಲಕ್ಕಿ ಕುಟ್ಟಿದಾಗ ಎದ್ದ ವಾಸನೆಯೋ, ಆ ಸೆಕೆಯೋ, ಐವತ್ತು ವರ್ಷ ಬಾಯಿಗೆ ಬಾರದ ಮಾತು ಬಂದುಬಿಟ್ಟಿತು.

‘ಅಮ್ಮ, ಅರಕಲಗೂಡಿನಲ್ಲಿ ಅಜ್ಜಿ ನಿನ್ನ ರಸಾಯನ ತಿಂತಿರ್ಲಿಲ್ಲ. ಕರುವಿಗೆ ಹಾಕ್ತಿದ್ರು. ನಾನೇ ನೋಡಿದ್ದೆ.’

ಅಮ್ಮನ ಕೈ ನಿಲ್ಲಲಿಲ್ಲ. ‘ಗೊತ್ತಿತ್ತು ಕಣೆ.’

‘ಗೊತ್ತಿತ್ತಾ? ಯಾರು ಹೇಳಿದ್ರು?’

‘ಯಾರು ಹೇಳ್ಬೇಕು? ಆ ಕರು ಮಾರನೇ ದಿನ ನಮ್ಮ ಜಗಲಿಗೇ ಬಂದು ನನ್ನ ಸೆರಗು ನೆಕ್ತಿತ್ತು.’

‘ಮತ್ತೆ ಪ್ರತಿವರ್ಷ ಯಾಕೆ ಮಾಡ್ತಿದ್ದೆ?’

ಅವಳು ಒಂದು ಹಣ್ಣನ್ನು ಬಿಡಿಸಿ ನೋಡಿ, ಕೊಳೆತ ಭಾಗವನ್ನು ಕೆತ್ತಿ ತೆಗೆದಳು. ‘ಬೇಡ ಅಂತ ಅವರು ಒಂದು ದಿನಾನೂ ಅನ್ಲಿಲ್ಲ. ಚೊಂಬು ತಂದು ಇಡ್ತಿದ್ರು. ತಿನ್ನೋದಕ್ಕೆ ಮಡಿ ಬಿಡ್ತಿರ್ಲಿಲ್ಲ, ಬೇಡ ಅನ್ನೋದಕ್ಕೆ ಮನಸ್ಸು ಬಿಡ್ತಿರ್ಲಿಲ್ಲ. ನಾನೂ ಕೊಡೋದು ನಿಲ್ಲಿಸಿದ್ರೆ ಅಲ್ಲಿಗೆ ಮುಗಿದುಹೋಗ್ತಿತ್ತು.’ ಸ್ವಲ್ಪ ಹೊತ್ತಿನ ಮೇಲೆ ತಾನೇ ಮುಂದುವರಿಸಿದಳು. ‘ಸಿಟ್ಟು ಬರ್ತಿರ್ಲಿಲ್ಲ ಅಂದ್ಕೋಬೇಡ. ಒಂದು ವರ್ಷ ಬೆಲ್ಲಾನೇ ಹಾಕಿರ್ಲಿಲ್ಲ.’

ನನಗೆ ನಗು ಬಂತು, ಅಳುವೂ ಬಂತು. ಅಮ್ಮನ ಸಮಾಧಾನವನ್ನು ನಾನು ಪೂರ್ತಿ ಒಪ್ಪಿದ್ದೇನೆಂದು ಹೇಳಲಾರೆ. ಒಂಬತ್ತು ವರ್ಷದ ಹುಡುಗಿಗೆ ಆ ಕೊಟ್ಟಿಗೆಯ ಮುಂದೆ ಆದ ಅವಮಾನ ಅರವತ್ತು ದಾಟಿದವಳಲ್ಲಿ ಹಾಗೆಯೇ ಉಳಿದಿದೆ. ಅಜ್ಜಿಯ ಕಷಾಯವನ್ನೂ ಮಗ್ಗಿಯನ್ನೂ ನೆನೆದು ಅದನ್ನು ಮನ್ನಿಸಬೇಕೆಂದು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಆಗಿಲ್ಲ.

ಮಧ್ಯಾಹ್ನ ಕಿಟಕಿಗಳಿಗೆ ಒದ್ದೆ ಸೀರೆ ಕಟ್ಟಿ ಕುಳಿತಿದ್ದಾಗ ಎದುರು ಮನೆಯವರ ನೆನಪಾಯಿತು. ಅವರಿಗೂ ಎ.ಸಿ. ಇಲ್ಲ, ಜೊತೆಗೆ ಯಾರೂ ಇಲ್ಲ. ಇಂಥ ಸೆಕೆಯಲ್ಲಿ ಮೊಸರಿನ ಪದಾರ್ಥವನ್ನು ಫ್ರಿಜ್ಜಿನ ಹೊರಗೆ ಒಂದು ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಹೊಸ್ತಿಲ ಮೇಲಿಟ್ಟು ಬಂದು ಅವರು ನೋಡದೆ ಉಳಿದರೆ ಕಷ್ಟ. ಅಮ್ಮನೂ ಹೊರಟಳು. ಒಂದೂವರೆ ವರ್ಷದಿಂದ ಅವರಿಬ್ಬರೂ ಒಬ್ಬರಿಗೊಬ್ಬರು ಕಿಟಕಿಯಿಂದ ಕೈ ಬೀಸಿದ್ದೇ ಪರಿಚಯ. ಎಲ್ಲರಿಗೂ ಲಸಿಕೆ ಆಗಿತ್ತು. ರಾಜ್ಯ ನಿರ್ಬಂಧಗಳನ್ನು ಪೂರ್ತಿ ತೆಗೆಯಲು ಇನ್ನು ಎರಡು ದಿನವಿತ್ತು. ಅವರು ಬಾಗಿಲು ತೆರೆದರು. ಮುಖ ಕೆಂಪಗಿತ್ತು. ನಾನು ಜಾಡಿಯನ್ನು ಎಂದಿನಂತೆ ಕೆಳಗಿಡಲು ಬಗ್ಗುವಷ್ಟರಲ್ಲಿ ಕೈ ಚಾಚಿ ತೆಗೆದುಕೊಂಡರು. ಒಳಗೆ ಕೊಂಡೊಯ್ಯಲಿಲ್ಲ. ಬಾಗಿಲಲ್ಲೇ ನಿಂತು ಮುಚ್ಚಳ ತಿರುಚಿ, ನಾವು ತಂದ ಚಮಚದಲ್ಲಿ ತಳದವರೆಗೂ ತೋಡಿ ತಿಂದರು. ಹುರಿಹಿಟ್ಟು ಬಂದಾಗ ಒಂದು ಕ್ಷಣ ನಿಂತು, ಇದೇನೆಂದು ಕೇಳಿದರು. ರಾಗಿಯನ್ನು ವಿವರಿಸಲು ನಾನು ಪಟ್ಟ ಪಾಡು ಬೇಡ. ಅಮ್ಮ ಒಂದು ಮಾತೂ ಆಡದೆ ಅವರು ತಿನ್ನುವುದನ್ನೇ ನೋಡುತ್ತ ನಿಂತಿದ್ದಳು. ಅಷ್ಟು ಹೊತ್ತು ಇನ್ನೊಬ್ಬರು ತಿನ್ನುವುದನ್ನು ದಿಟ್ಟಿಸಿ ನೋಡುವುದು ಇಲ್ಲಿ ಸಭ್ಯತೆಯಲ್ಲವೆಂದು ಅವಳಿಗೆ ಹೇಳಬೇಕೆನಿಸಿತು; ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಗಾಳಿ ತಿರುಗಿ ತಂಪಾಗಿತ್ತು. ನಮ್ಮ ಹೊಸ್ತಿಲ ಮೇಲೆ ಜಾಡಿ ಕುಳಿತಿತ್ತು, ಫಳಫಳ ತೊಳೆದು. ಅದರೊಳಗೆ ಅವರ ಕೈತೋಟದ ಸ್ಟ್ರಾಬೆರಿ, ಒಂದು ಹಿಡಿ. ಅರ್ಧ ಹಣ್ಣುಗಳು ಮೂರು ದಿನದ ಬಿಸಿಲಿಗೆ ಗಿಡದಲ್ಲೇ ಬೆಂದು ಮೆತ್ತಗಾಗಿದ್ದವು. ‘ಪಾತ್ರೆ ಬರಿದೇ ಕಳಿಸಿಲ್ಲ ನೋಡು. ಅವರಲ್ಲೂ ಹಾಗೇ ಇರ್ಬೇಕು’ ಎಂದು ಅಮ್ಮ ಹಣ್ಣುಗಳನ್ನು ಸೆರಗಿಗೆ ಸುರಿದುಕೊಂಡಳು. ಬೆಂದವನ್ನು ಬಿಸಾಡಲು ಹೊರಟ ನನ್ನ ಕೈ ತಡೆದು, ಒಂದೊಂದನ್ನೇ ತಾನೇ ತಿಂದು ಮುಗಿಸಿದಳು. ಆಮೇಲೆ ಜಾಡಿಯನ್ನು ನನ್ನ ಕಡೆ ತಳ್ಳಿದಳು, ಮತ್ತೆ ತುಂಬೆಂದು.

2022ರ ಏಪ್ರಿಲಿನಲ್ಲಿ ಅಮ್ಮ ಊರಿಗೆ ಹೋದಳು. ಈಗ ತಮ್ಮನ ಜೊತೆ ಹಾಸನದಲ್ಲಿದ್ದಾಳೆ.

ಸಮ್ಮೇಳನಕ್ಕೆ ಜಾಡಿ ತರುತ್ತೀರಾ ಎಂದು ಈಗಾಗಲೇ ಮೂವರು ಕೇಳಿದ್ದಾರೆ. ವಿಮಾನದ ಕೈಚೀಲದಲ್ಲಿ 3.4 ಔನ್ಸಿಗಿಂತ ದೊಡ್ಡ ಪಾತ್ರೆಯಲ್ಲಿ ಶ್ರೀಖಂಡದಂಥ ಪದಾರ್ಥವನ್ನು ಭದ್ರತೆಯವರು ಬಿಡುವುದಿಲ್ಲ. ಖಾಲಿ ಜಾಡಿಗೆ ಅಡ್ಡಿಯಿಲ್ಲ. ಎರಡು ಡಜನ್ ಜಾಡಿಗಳನ್ನು ಟವಲಿನಲ್ಲಿ ಸುತ್ತಿಟ್ಟಿದ್ದೇನೆ. ಮೊಸರು, ಹಣ್ಣು ಅಲ್ಲಿಯೇ ಕೊಂಡರಾಯಿತು. ಫೋನಿನಲ್ಲಿ ಇದನ್ನು ಕೇಳಿದ ಅಮ್ಮ, ಬರಿ ಜಾಡಿ ಒಯ್ಯಬಾರದೆಂದು ತಕರಾರು ಮಾಡಿದಳು. ಅದಕ್ಕೇ ಎಲ್ಲದಕ್ಕೂ ಎರಡೆರಡು ಚಮಚ ಹುರಿಹಿಟ್ಟು ಹಾಕಿ ಮುಚ್ಚಿದ್ದೇನೆ.